ಸಂಪ್ ಪಂಪ್ ಓಡುತ್ತಿದೆ, ನೀರು ಹೊರಗೆ ಹೋಗುತ್ತಿಲ್ಲ: ಹಿಮಬಿರುಗಾಳಿಗೆ ಮೊದಲು ಏನು ಮಾಡಲಿ?

ಪ್ರಶ್ನೆ:
ನೆಲಮಾಳಿಗೆಯ ಗುಂಡಿಯಲ್ಲಿ ಸೇರುವ ನೀರನ್ನು ಪೈಪಿನಿಂದ ಮನೆಯ ಹೊರಗೆ ಹಾಕುವ ಪಂಪ್ ರಾತ್ರಿಯಿಂದ ಒಂದೇ ಸಮನೆ ಗುಂಯ್‌ಗುಡುತ್ತಿದೆ. ಗುಂಡಿಯ ನೀರು ಮಾತ್ರ ಒಂದಿಷ್ಟೂ ಇಳಿದಿಲ್ಲ. ನೀರು ಏರಿದಾಗ ತೇಲಿ ಪಂಪ್ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಎಲ್ಲೂ ಸಿಕ್ಕಿಕೊಂಡಿಲ್ಲ. ಹೊರಗೆ ಒಂದಡಿ ಹಿಮ ಇದೆ. ನಾಳಿದ್ದು ಮತ್ತೆ ಬಿರುಗಾಳಿ, ಅದರ ಬೆನ್ನಿಗೇ ಮಳೆ ಎನ್ನುತ್ತಿದ್ದಾರೆ. ಹೊಸ ಪಂಪ್ ತರಬೇಕೇ?

ಉತ್ತರ:
ಹೊಸ ಪಂಪಿನ ಯೋಚನೆ ಸದ್ಯಕ್ಕೆ ಬೇಡ. ನೆಲದ ಮೇಲೆ ನೀರು ನಿಂತಿಲ್ಲದಿದ್ದರೆ ಮೊದಲು ಪ್ಲಗ್ ಕಿತ್ತು ಮೋಟಾರಿಗೆ ಬಿಡುವು ಕೊಡಿ. ನೀರು ಸಾಗದೆ ಓಡುತ್ತಲೇ ಇದ್ದರೆ ಅದು ಕಾದು ಸುಟ್ಟುಹೋಗುತ್ತದೆ. ನೆಲದಲ್ಲಿ ನೀರು ನಿಂತಿದ್ದರೆ ಕೆಳಗೆ ಕಾಲಿಡಬೇಡಿ, ಮೇಲಿನಿಂದಲೇ ವಿದ್ಯುತ್ ನಿಲ್ಲಿಸಿ. ನನ್ನ ಅನುಮಾನವೆಲ್ಲ ಗೋಡೆಯಾಚೆಗಿನ ಪೈಪಿನ ಮೇಲೆ. ಅದು ಎಲ್ಲಾದರೂ ಜೋತುಬಿದ್ದಿದೆಯೇ? ಪಂಪ್ ನಿಂತಾಗ ಅಂಥ ಜಾಗದಲ್ಲಿ ನೀರು ಉಳಿದು ಗಡ್ಡೆಗಟ್ಟುತ್ತದೆ. ರಸಮಟ್ಟ ಇಟ್ಟು, ಉದ್ದಕ್ಕೂ ತಟ್ಟುತ್ತಾ ಹೋಗಿ.

ಪ್ರಶ್ನೆ ಕೇಳಿದವರು:
ನೆಲ ಒಣಗಿದೆ, ಪ್ಲಗ್ ತೆಗೆದಿದ್ದೇನೆ. ಗೋಡೆಯಿಂದ ಎರಡಡಿ ದೂರದಲ್ಲಿ ಪೈಪ್ ಬಾಗಿದೆ. ಬಾಯಿಯ ಬಳಿ ತಟ್ಟಿದರೆ ಟೊಳ್ಳು ಸದ್ದು; ಬಾಗಿದಲ್ಲಿ ಕಲ್ಲಿಗೆ ತಟ್ಟಿದಂತಿದೆ. ಬೆಂಕಿ ಹಿಡಿದು ಕರಗಿಸಲೇ?

ಉತ್ತರ:
ಖಂಡಿತ ಬೇಡ! ಪ್ಲಾಸ್ಟಿಕ್ ಪೈಪ್ ಸೊಟ್ಟಗಾಗುತ್ತದೆ, ಗೋಡೆಗೂ ಬೆಂಕಿ ತಗಲಬಹುದು. ಬಟ್ಟೆ ಸುತ್ತಿ, ಕೈಗೆ ತಾಳುವಷ್ಟು ಬಿಸಿಯ ನೀರನ್ನು ಮೇಲೆ ಹೊಯ್ಯುತ್ತಾ ಬನ್ನಿ. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಜೋಡಣೆಗಳಲ್ಲಿ ಬಿರುಕಿದೆಯೇ ಎಂದೂ ನೋಡಿ. ಬಳಿಕ ಬಾಗಿದ ಜಾಗಕ್ಕೆ ಆಸರೆ ಕೊಟ್ಟು, ಗೋಡೆಯಿಂದ ಬಾಯಿಯವರೆಗೆ ಎಲ್ಲೂ ತಡೆಯಿಲ್ಲದ ಇಳಿಜಾರು ಮಾಡಿ. ಗೋಡೆಯ ಹೊರಗೆ ಕೂಡಿಸುವ, ಸೀಳುಗಳಿರುವ ಒಂದು ಜೋಡಣೆ ಸಿಗುತ್ತದೆ. ಮುಂದೆ ಪೈಪ್ ಕಟ್ಟಿಕೊಂಡರೂ ನೀರು ಆ ಸೀಳುಗಳಿಂದ ಹೊರಬೀಳುತ್ತದೆ. ಗೋಡೆಯ ಪಕ್ಕದಲ್ಲೇ ಬೀಳುತ್ತದೆ, ನಿಜ. ಆದರೂ ಮೋಟಾರ್ ಉಳಿಯುತ್ತದೆ.

ಮತ್ತೊಬ್ಬ ಸದಸ್ಯರು:
ಮಳೆಗೆ ಮೊದಲೇ ಅಡಿಪಾಯದ ಸುತ್ತಲಿನ ಹಿಮವನ್ನು ಒಂದೂವರೆ ಮೀಟರ್ ಆಚೆಗೆ, ತಗ್ಗಿನ ಕಡೆಗೆ ಎಳೆದುಹಾಕಿ. 10 ಸೆಂ.ಮೀ. ಹೊಸ ಹಿಮ ಕರಗಿದರೆ ಸುಮಾರು 1 ಸೆಂ.ಮೀ. ನೀರು. ಈ ಲೆಕ್ಕದಲ್ಲಿ 100 ಚದರ ಮೀಟರ್ ಮೇಲಿನ 30 ಸೆಂ.ಮೀ. ಹಿಮವೆಂದರೆ 3,000 ಲೀಟರ್! ಮಳೆ ಬಂದರೆ ಅದೆಲ್ಲ ಒಟ್ಟಿಗೇ ನುಗ್ಗುತ್ತದೆ.

ನನಗೆ ಹೆಚ್ಚು ಭಯವಿರುವುದು ವಿದ್ಯುತ್ತಿನ ಬಗ್ಗೆ. ಪಂಪ್ ಬೇಕೇಬೇಕಾದ ರಾತ್ರಿಯೇ ತಂತಿ ಹರಿದು ಬೀಳುತ್ತದೆ. ಬ್ಯಾಟರಿಯಿಂದ ಓಡುವ ಎರಡನೆಯ ಪಂಪ್ ಇದ್ದರೆ ಒಳ್ಳೆಯದು. ಅದಕ್ಕೆ ಕಾರಿನ ಬ್ಯಾಟರಿ ಸಲ್ಲದು. ಅದು ಎಂಜಿನ್ ಚಾಲೂ ಮಾಡಲಷ್ಟೇ, ಗಂಟೆಗಟ್ಟಲೆ ಓಡಿಸಲು ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ಚಳಿಯಲ್ಲಿ ಅದರ ಸಾಮರ್ಥ್ಯ ಬಹಳ ಕುಗ್ಗುವುದರಿಂದ ಮನೆಯೊಳಗೆ, ಗಾಳಿಯಾಡುವ ಕಡೆ, ನೀರು ತಲುಪದ ಎತ್ತರದಲ್ಲಿ ಇಡಿ. ಜನರೇಟರ್ ಬಳಸುವುದಾದರೆ ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದ ಬಯಲಿನಲ್ಲಿ ಮಾತ್ರ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ದಯವಿಟ್ಟು ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟೂ ಓಡಿಸಬೇಡಿ.

ಪ್ರಶ್ನೆ ಕೇಳಿದವರು:
ಮುಕ್ಕಾಲು ಗಂಟೆ ನೀರು ಹೊಯ್ದ ಮೇಲೆ ಗೇಣುದ್ದದ ಗಡ್ಡೆ ಜಾರಿ ಹೊರಬಿತ್ತು. ಗುಂಡಿ ಖಾಲಿಯಾಗಿದೆ, ಬಿರುಕು ಕಾಣುತ್ತಿಲ್ಲ. ಪೈಪಿಗೆ ಎರಡು ಕಡೆ ಆಸರೆ ಕೊಟ್ಟೆ. ನಾಳೆ ಬ್ಯಾಟರಿ ಪಂಪ್ ಕೂರಿಸುತ್ತೇನೆ. ಅದನ್ನು ಪರೀಕ್ಷಿಸುವುದು ಹೇಗೆ?

ಉತ್ತರ:
ಮುಖ್ಯ ಪಂಪಿನ ಪ್ಲಗ್ ತೆಗೆದು, ಫ್ಲೋಟ್ ಏಳುವವರೆಗೆ ಗುಂಡಿಗೆ ಬಕೆಟ್‌ನಿಂದ ನೀರು ಸುರಿಯಿರಿ. ಬ್ಯಾಟರಿ ಪಂಪ್ ತಾನಾಗಿ ಶುರುವಾಗಬೇಕು. ಆಗ ಒಬ್ಬರು ಹೊರಗೆ ಪೈಪಿನ ಬಾಯಿಯ ಬಳಿ ನಿಂತು ನೀರು ಬರುವುದನ್ನು ಕಣ್ಣಾರೆ ನೋಡಲಿ. ಮುಗಿದ ಮೇಲೆ ಪ್ಲಗ್ ಮರಳಿ ಹಾಕುವುದನ್ನು ಮರೆಯಬೇಡಿ.