ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಮಿನಿಲ್ಯಾಬ್: ತಗೊಳ್ಳಬಹುದಾ, ಬೇಡ್ವಾ?

ಪ್ರಶ್ನೆ: ಸರ್, ನಾನು ಪೋರ್ಟ್ರೇಟ್ ಫೋಟೋಗ್ರಾಫರ್. ಇಷ್ಟು ದಿನ ಪ್ರಿಂಟ್‌ಗಳನ್ನು ಹೊರಗೆ ಕೊಟ್ಟು ಮಾಡಿಸುತ್ತಿದ್ದೆ. ಈಗ ಬಾಗಿಲು ಹಾಕುತ್ತಿರುವ ಒಂದು ಲ್ಯಾಬಿನವರು ತಮ್ಮ ಲೇಸರ್ ಮಿನಿಲ್ಯಾಬನ್ನು (ಫೋಟೋವನ್ನು ಲೇಸರ್ ಬೆಳಕಿನಿಂದ ಫೋಟೋ ಪೇಪರಿನ ಮೇಲೆ ಮೂಡಿಸಿ, ಕೆಮಿಕಲ್ ಟ್ಯಾಂಕ್‌ಗಳಲ್ಲಿ ಹಾಯಿಸಿ ಪ್ರಿಂಟ್ ಕೊಡುವ ಯಂತ್ರ) ಹೆಚ್ಚುಕಮ್ಮಿ ಗುಜರಿ ರೇಟಿಗೆ ಕೊಡ್ತೀವಿ ಅಂತಿದ್ದಾರೆ. ಮನೆಯಲ್ಲಿ ಗ್ಯಾರೇಜ್ ಖಾಲಿ ಇದೆ. ನನಗೆ ವಾರಕ್ಕೆ ಸುಮಾರು 300 ಪ್ರಿಂಟ್ ಬೇಕು, ಹೆಚ್ಚಿನವು 4×6 ಇಂಚಿನವು. ತಗೊಳ್ಳಬಹುದಾ?

ಉತ್ತರ: ಗುಜರಿ ರೇಟಿಗೆ ಯಾಕೆ ಕೊಡುತ್ತಿದ್ದಾರೆ ಅಂತ ಮೊದಲು ಯೋಚಿಸಿ. ಯಂತ್ರ ಕೆಟ್ಟಿರಬೇಕು ಅಂತೇನಿಲ್ಲ. ಎಷ್ಟೋ ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಹಾಕಲು ಕೆಲಸ ಇರುವುದಿಲ್ಲ. ಅದೇ ತಾಪತ್ರಯ ನಿಮ್ಮ ಗ್ಯಾರೇಜಿಗೂ ಬರುತ್ತದೆ.

ಮಿನಿಲ್ಯಾಬ್ ಹುಟ್ಟಿದ್ದೇ ಅಂಗಡಿಗಾಗಿ. 1979ರಲ್ಲಿ ನೊರಿತ್ಸು ಕಂಪನಿಯ ಕ್ಯೂಎಸ್‌ಎಸ್-2 ಬಂದಾಗ ಅದರ ಹೆಚ್ಚುಗಾರಿಕೆ ಏನಿತ್ತು ಅಂದರೆ, 45 ನಿಮಿಷದಲ್ಲಿ ಪ್ರಿಂಟ್ ಕೈಗೆ. ಗಿರಾಕಿ ಬಾಗಿಲಲ್ಲಿ ನಿಂತಿರಬೇಕು, ಯಂತ್ರ ಬೆಳಗ್ಗೆಯಿಂದ ಸಂಜೆವರೆಗೆ ಓಡುತ್ತಿರಬೇಕು. ಅದರೊಳಗಿನ ಕೆಮಿಕಲ್ ಲೆಕ್ಕ ಪೂರ್ತಿ ಇದರ ಮೇಲೇ ನಿಂತಿದೆ.

ಲೆಕ್ಕ ಹಾಕಿಯೇ ನೋಡೋಣ. ಕಲರ್ ಪೇಪರಿನ ಪ್ರೋಸೆಸ್‌ಗೆ ಆರ್‌ಎ-4 ಅಂತಾರೆ. ಪೇಪರ್ ಚಿತ್ರ ಮೂಡಿಸುವ 35 ಡಿಗ್ರಿ ಬಿಸಿಯ ಡೆವಲಪರ್‌ನಲ್ಲಿ 45 ಸೆಕೆಂಡ್, ಬೆಳ್ಳಿ ತೆಗೆಯುವ ಬ್ಲೀಚ್-ಫಿಕ್ಸ್‌ನಲ್ಲಿ 45 ಸೆಕೆಂಡ್, ಆಮೇಲೆ ತೊಳೆಯುವ ಸ್ಟೆಬಿಲೈಸರ್ ಟ್ಯಾಂಕ್‌ಗಳಲ್ಲಿ ಒಟ್ಟು 90 ಸೆಕೆಂಡ್ ಇದ್ದು, ಒಣಗಿ ಹೊರಗೆ ಬರುತ್ತದೆ. ಇದು ಮೂಲ ಲೆಕ್ಕ, ಆಮೇಲಿನ ಮಾದರಿಗಳಲ್ಲಿ ಇನ್ನೂ ಬೇಗ. ಪ್ರಿಂಟ್ ಆದ ಹಾಗೆಲ್ಲ ಯಂತ್ರ ತಾನೇ ಸ್ವಲ್ಪ ಹೊಸ ಡೆವಲಪರ್ ಸೇರಿಸುತ್ತದೆ, ಅಷ್ಟೇ ಹಳೆಯದು ಹೊರಗೆ ಹೋಗುತ್ತದೆ. ಹೀಗೆ ಸೇರಿಸುವುದಕ್ಕೆ ರೀಪ್ಲೆನಿಶರ್ ಅಂತಾರೆ. ಹಳೆಯ ಪದ್ಧತಿಯದು ಆದರೆ ಒಂದು ಚದರ ಮೀಟರ್ ಪೇಪರಿಗೆ 161 ಮಿಲಿ. ಒಂದು 4×6 ಪ್ರಿಂಟ್ ಸುಮಾರು 0.0155 ಚದರ ಮೀಟರ್. ನಿಮ್ಮ 300 ಪ್ರಿಂಟ್ ಸೇರಿ 4.65 ಚದರ ಮೀಟರ್. ಅಂದರೆ ವಾರಕ್ಕೆ ಒಳಗೆ ಹೋಗುವ ಹೊಸ ಡೆವಲಪರ್ ಮುಕ್ಕಾಲು ಲೀಟರ್.

ಟ್ಯಾಂಕ್ 15 ಲೀಟರ್ ಅಂದುಕೊಳ್ಳಿ. ಅಷ್ಟೂ ಬದಲಾಗಲು 20 ವಾರ ಬೇಕು. ಕಡಿಮೆ ರೀಪ್ಲೆನಿಶರ್ ಕುಡಿಯುವ ಆಮೇಲಿನ ಕೆಮಿಕಲ್ ಹಾಕಿ, ಚದರ ಮೀಟರಿಗೆ 60 ಮಿಲಿ ಅಂತ ಹಿಡಿದರೆ ಒಂದು ವರ್ಷವೇ ದಾಟುತ್ತದೆ. ಅಷ್ಟು ದಿನ ಆ ಡೆವಲಪರ್ ಬಿಸಿಯಾಗುತ್ತಾ, ಆರುತ್ತಾ, ಗಾಳಿ ಕುಡಿಯುತ್ತಾ ಕೂತಿರುತ್ತದೆ. ಬಣ್ಣ ಹಳೇ ಎಂಜಿನ್ ಆಯಿಲ್ ಥರ ಆಗುತ್ತದೆ. ಆಮೇಲೆ ಯಾವ ಸೆಟಪ್ (ಪರೀಕ್ಷಾ ಪ್ರಿಂಟ್ ತೆಗೆದು ಯಂತ್ರದ ಬಣ್ಣ ಹೊಂದಿಸುವುದು) ಮಾಡಿದರೂ ಮುಖದ ಬಣ್ಣ ಸರಿ ಕೂರುವುದಿಲ್ಲ. ತಿಂಗಳಿಗೊಮ್ಮೆ ಟ್ಯಾಂಕ್ ತಾನಾಗಿ ಹೊಸದಾಗಬೇಕು ಅಂದರೆ, 161 ಮಿಲಿ ಲೆಕ್ಕದಲ್ಲೇ ತಿಂಗಳಿಗೆ 6000 ಪ್ರಿಂಟ್ ಬೇಕು. ದಿನಕ್ಕೆ 200. ನಿಮ್ಮದು ವಾರಕ್ಕೆ 300. ಸಲಿಗೆಯಿಂದ ಹೇಳ್ತೀನಿ, ನಿಮಗೆ ಇದು ಬೇಡ. ಆದರೂ ಮನಸ್ಸು ಬಿಡುತ್ತಿಲ್ಲ ಅಂದರೆ ಮುಂದೆ ಕೇಳಿ.

ಪ್ರಶ್ನೆ: ಮನಸ್ಸು ಬಿಡ್ತಿಲ್ಲ ಸರ್ 😀 ಆರ್ಡರ್ ಎಲ್ಲ ಒಟ್ಟು ಮಾಡಿಟ್ಟು ವಾರಕ್ಕೆ ಒಂದೇ ದಿನ ಆನ್ ಮಾಡಿದರೆ? ಉಳಿದ ದಿನ ಸುಮ್ನೆ ಮುಚ್ಚಿಟ್ಟರೆ ಆಗಲ್ವಾ?

ಉತ್ತರ: ಎಲ್ಲರೂ ಮೊದಲು ಹಾಕುವ ಪ್ಲಾನ್ ಇದೇ. ಒಬ್ಬರು ಹೀಗೇ ಮಾಡಿದ್ದರು. ಎರಡು ವಾರ ಊರಲ್ಲಿರಲಿಲ್ಲ, ಬಂದವರು ನೇರ ಸ್ವಿಚ್ ಹಾಕಿದರು. ನನ್ನನ್ನು ಕರೆದಾಗ ಹೋಗಿ ಮುಚ್ಚಳ ತೆಗೆದೆ. ಟ್ಯಾಂಕಿನಿಂದ ಟ್ಯಾಂಕಿಗೆ ಪೇಪರ್ ದಾಟಿಸುವ ಮೇಲಿನ ರೋಲರ್‌ಗಳ ಮೇಲೆ ಉಪ್ಪು ಮೆತ್ತಿದ ಹಾಗೆ ಬಿಳಿ ಹರಳು ಕಟ್ಟಿತ್ತು. ಒಂದು ಪ್ಲಾಸ್ಟಿಕ್ ಗಿಯರಿನ ಎರಡು ಹಲ್ಲು ಮುರಿದಿತ್ತು. ಮೊದಲ ಪೇಪರ್ ಅಲ್ಲೇ ಸಿಕ್ಕಿ, ಹಿಂದೆ ಬಂದಿದ್ದೆಲ್ಲ ಹಾರ್ಮೋನಿಯಂ ತಿದಿಯ ಹಾಗೆ ಮಡಿಚಿಕೊಂಡು ಬ್ಲೀಚ್-ಫಿಕ್ಸ್‌ನೊಳಗೆ ಕೂತಿತ್ತು. ಅದನ್ನು ಅವಸರದಲ್ಲಿ ಎಳೆದಿದ್ದಾರೆ. ನಾಲ್ಕು ಹನಿ ಪಕ್ಕದ ಡೆವಲಪರ್‌ಗೆ ಬಿತ್ತು. ಅಲ್ಲಿಗೆ ಆ ಟ್ಯಾಂಕ್ ಕಥೆ ಮುಗಿಯಿತು.

ಡೆವಲಪರ್ ಬ್ಲೀಚ್-ಫಿಕ್ಸ್‌ಗೆ ಹೋದರೆ ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ, ಅದಕ್ಕೇ ಪೇಪರ್ ಹೋಗುವ ದಿಕ್ಕೂ ಹಾಗಿದೆ. ಉಲ್ಟಾ ಹೋದರೆ ಸಹಿಸುವುದಿಲ್ಲ. ರ್ಯಾಕ್ (ಟ್ಯಾಂಕಿನೊಳಗೆ ಪೇಪರ್ ಸಾಗಿಸುವ ರೋಲರ್‌ಗಳ ಚೌಕಟ್ಟು) ತೆಗೆಯುವಾಗ ಮೊದಲು ಡೆವಲಪರ್‌ದು ತೆಗೆಯಬೇಕು, ತೊಳೆಯುವ ಬಕೆಟ್ ಬೇರೆಬೇರೆ ಇರಬೇಕು, ಪಕ್ಕದ ಟ್ಯಾಂಕಿಗೆ ಮುಚ್ಚಳ ಹಾಕಿರಬೇಕು.

ಬಳಸದೆ ಇಡುವುದಾದರೂ ಕೆಲಸ ತಪ್ಪಲ್ಲ. ಯಂತ್ರ ಓಡಿಸಿದ ದಿನ ರಾತ್ರಿ ಮೇಲಿನ ರೋಲರ್‌ಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಆವಿಯಾದಷ್ಟು ನೀರನ್ನು ಗೆರೆಯವರೆಗೆ ತುಂಬಿಸಬೇಕು, ಅಲ್ಲಿ ರೀಪ್ಲೆನಿಶರ್ ಸುರಿಯಬಾರದು. ನಡುವೆ ಒಂದೆರಡು ದಿನಕ್ಕೊಮ್ಮೆ ಆನ್ ಮಾಡಿ ಟ್ಯಾಂಕ್ ಸುತ್ತಾಡಿಸಬೇಕು. ತಿಂಗಳುಗಟ್ಟಲೆ ಕೆಲಸ ಇಲ್ಲ ಅಂದರೆ ಪೂರ್ತಿ ಖಾಲಿ ಮಾಡಿ, ನೀರು ಹಾಕಿ ತಿರುಗಿಸಿ, ಮತ್ತೆ ಖಾಲಿ ಮಾಡಿ ಒಣಗಿಸುವುದೇ ಒಳ್ಳೆಯದು. ಕೆಮಿಕಲ್ ಹೋದರೆ ಹೋಗಲಿ, ರ್ಯಾಕ್ ಉಳಿಯುತ್ತದೆ.

ಪ್ರಶ್ನೆ (ಬೇರೆಯವರು): ಸರ್, ನನಗೆ ಕೆಲಸ ಸಾಕಷ್ಟಿದೆ, ದಿನಕ್ಕೆ 250ರ ಹತ್ತಿರ. ಯಂತ್ರ ನೋಡಲು ಹೋದಾಗ ಏನೇನು ನೋಡಬೇಕು? ಮಾರುವವರು ಒಂದು ಹೊಳೆಯುವ ಪ್ರಿಂಟ್ ಕೈಗೆ ಕೊಟ್ಟು ಕಳಿಸಿದರು.

ಉತ್ತರ: ಆ ಪ್ರಿಂಟ್ ಯಾವ ವರ್ಷದ್ದೋ! ಯಂತ್ರ ಬಿಸಿಯಾಗುವವರೆಗೆ ಕಾದು, ನಿಮ್ಮ ಮುಂದೆಯೇ ಸೆಟಪ್ ಮಾಡಿಸಿ, ನೀವೇ ತಂದ ಫೈಲ್ ಪ್ರಿಂಟ್ ಮಾಡಿಸಿ. ಫೈಲಿನಲ್ಲಿ ಚಂದದ ಫೋಟೋ ಬೇಡ. ಮೂರು ಪ್ರಿಂಟ್ ಸಾಕು: ಪೂರ್ತಿ ಬೂದು, ಪೂರ್ತಿ ಕಪ್ಪು, ಪೂರ್ತಿ ಬಿಳಿ. ಆ ಯಂತ್ರದಲ್ಲಿ ಬರುವ ದೊಡ್ಡ ಸೈಜಿನಲ್ಲೇ ತೆಗೆಸಿ.

ನಾವು ನೋಡುವ ರೀತಿ ಹೇಳ್ತೀನಿ. ಕಪ್ಪು ನೋಡಿದರೆ ಲೇಸರ್ ಗೊತ್ತಾಗುತ್ತದೆ, ಬಿಳಿ ನೋಡಿದರೆ ಕೆಮಿಕಲ್ ಗೊತ್ತಾಗುತ್ತದೆ. ಪೇಪರಿನ ಹಳದಿ ಪದರ ನೀಲಿ ಬೆಳಕಿಗೆ, ಕೆನ್ನೇರಳೆಯ ಮೆಜೆಂಟಾ ಪದರ ಹಸಿರು ಬೆಳಕಿಗೆ, ಸಯಾನ್ ಪದರ ಕೆಂಪು ಬೆಳಕಿಗೆ ಏಳುತ್ತದೆ. ನೀಲಿ ಲೇಸರ್ ಸೋತರೆ ಹಳದಿ ಕಡಿಮೆ ಬೀಳುತ್ತದೆ, ಕಪ್ಪು ನೀಲಿಗೆ ತಿರುಗುತ್ತದೆ. ಹಸಿರು ಲೇಸರ್ ಸೋತರೆ ಕಪ್ಪು ಹಸಿರಾಗುತ್ತದೆ. ಅಂದರೆ ಯಾವ ಲೇಸರ್ ಹೋಗುತ್ತಿದೆಯೋ ಪ್ರಿಂಟ್ ಅದೇ ಬಣ್ಣಕ್ಕೆ ತಿರುಗುತ್ತದೆ. ಹೋಗುವುದು ಸಾಮಾನ್ಯವಾಗಿ ನೀಲಿ ಅಥವಾ ಹಸಿರು, ಅವೇ ದುಬಾರಿ ಭಾಗ. ಲೇಸರ್ ಹೋಯಿತು ಅಂದರೆ ಹಳೆಯ ಯಂತ್ರದಲ್ಲಿ ಅದೊಂದೇ ಯಂತ್ರದ ಬೆಲೆಯನ್ನು ಮೀರಿಸುತ್ತದೆ.

ಬಿಳಿ ಪೇಪರ್ ಹಳದಿಯಾಗಿ ಅಥವಾ ನಸುಗೆಂಪಾಗಿ ಬಂದರೆ ಗಾಬರಿ ಬೇಡ. ಹೆಚ್ಚಿನ ಸಲ ಅದು ಹಳೇ ಕೆಮಿಕಲ್, ಕಲಬೆರಕೆ ಅಥವಾ ಸರಿಯಾಗಿ ತೊಳೆಯದೆ ಉಳಿದ ಕಲೆ. ಬದಲಾಯಿಸಿದರೆ ಹೋಗುತ್ತದೆ. ಚೌಕಾಸಿಗೆ ಒಳ್ಳೆಯ ವಿಷಯ, ಅಲ್ವಾ.

ಬೂದು ಪ್ರಿಂಟನ್ನು ಕಿಟಕಿ ಬೆಳಕಿಗೆ ಓರೆ ಹಿಡಿಯಿರಿ. ಪೇಪರ್ ಹೊರಬರುವ ದಿಕ್ಕಿನಲ್ಲಿ ತಲೆಯಿಂದ ಬುಡದವರೆಗೆ ಸಣ್ಣ ಗೆರೆ ಇದ್ದರೆ, ಲೇಸರ್ ದಾರಿಯ ಗಾಜಿನ ಮೇಲೆ ಧೂಳಿರಬಹುದು, ಇಲ್ಲವೇ ರೋಲರ್ ಗೀರುತ್ತಿರಬಹುದು. ಉಗುರಿಗೆ ತಾಗಿದರೆ ಗೀರು, ತಾಗದಿದ್ದರೆ ಧೂಳು. ಅಡ್ಡಡ್ಡ ಪಟ್ಟೆ ಇದ್ದರೆ ಪೇಪರ್ ಎಳೆಯುವ ಗಿಯರ್ ಅಥವಾ ಮೋಟರ್ ಕಡೆ ಅನುಮಾನಿಸಿ. ಒಂದೇ ಥರದ ಚುಕ್ಕೆ ಸಮ ಅಂತರದಲ್ಲಿ ಮರಳಿ ಮರಳಿ ಬಂದರೆ ಸ್ಕೇಲ್ ಇಟ್ಟು ಅಳೆಯಿರಿ, 3.14ರಿಂದ ಭಾಗಿಸಿ. ಬಂದ ಉತ್ತರ ಗಲೀಜಾಗಿರುವ ರೋಲರಿನ ವ್ಯಾಸ. 94 ಮಿಮೀಗೊಮ್ಮೆ ಚುಕ್ಕೆ ಅಂದರೆ 30 ಮಿಮೀ ರೋಲರ್ ಹುಡುಕಬೇಕು. ಎಲ್ಲ ರ್ಯಾಕ್ ಬಿಚ್ಚಿ ಕೂರುವುದು ತಪ್ಪುತ್ತದೆ.

ಪ್ರಿಂಟ್ ಆದಮೇಲೆ ಜೊತೆಗೆ ಏನೇನು ಬರುತ್ತದೆ ಕೇಳಿ. ಪ್ರಿಂಟಿನ ಬಣ್ಣದ ಗಾಢತೆ ಅಳೆಯುವ ಡೆನ್ಸಿಟೋಮೀಟರ್ ಇಲ್ಲದೆ ಸೆಟಪ್ ಆಗದ ಯಂತ್ರಗಳಿವೆ, ಅದು ಬೇಕೇ ಬೇಕು. ನಿಮಗೆ ಬೇಕಾದ ಅಗಲದ ಪೇಪರ್ ಮ್ಯಾಗಜೀನ್ (ಪೇಪರ್ ರೋಲ್ ಹಾಕುವ ಡಬ್ಬಿ) ಬೇಕು, 152 ಮಿಮೀದು ಒಂದೇ ಇದ್ದರೆ 8×10 ಹೇಗೆ ಮಾಡ್ತೀರಿ? ಸಾಫ್ಟ್‌ವೇರ್ ಡಿಸ್ಕ್, ಅದನ್ನು ಓಡಿಸಲು ಚುಚ್ಚುವ ಕೀ ಅಂದರೆ ಡಾಂಗಲ್, ಆ ಯಂತ್ರಕ್ಕೇ ಸೇರಿದ ಹೊಂದಾಣಿಕೆ ಡೇಟಾದ ಬ್ಯಾಕಪ್ ಬೇಕು. ಒಳಗಿನ ಕಂಪ್ಯೂಟರ್ ಹಳೆಯ ವಿಂಡೋಸ್‌ನದು. ಅದರ ಹಾರ್ಡ್ ಡಿಸ್ಕ್ ಇವತ್ತೋ ನಾಳೆಯೋ ಅನ್ನುವಂತಿರುತ್ತದೆ. ಯಂತ್ರ ಮನೆಗೆ ಬಂದ ದಿನವೇ ಅದನ್ನು ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಇದೊಂದನ್ನು ಮಾಡದೆ ಕೆಟ್ಟವರು ಬಹಳ ಜನ.

ಪ್ರಶ್ನೆ: ಕರೆಂಟ್, ಜಾಗ, ಸಾಗಣೆ ಬಗ್ಗೆ ಸ್ವಲ್ಪ ಹೇಳಿ ಸರ್.

ಉತ್ತರ: ಹಿಂಬದಿಯ ಪ್ಲೇಟ್ ಫೋಟೋ ತೆಗೆದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕೆಲವು 200–240 ವೋಲ್ಟ್ ಸಿಂಗಲ್ ಫೇಸ್, ಕೆಲವು ತ್ರೀ ಫೇಸ್. ಟ್ಯಾಂಕ್ ಹೀಟರ್ ಮತ್ತು ಡ್ರೈಯರ್ ಒಟ್ಟಿಗೆ ಎಳೆಯುವುದರಿಂದ ಮನೆಯ ಮಾಮೂಲಿ ಸಾಕೆಟ್ ಸಾಲದು, ಬೇರೆ ಲೈನೇ ಬೇಕು. ಕಂಪ್ಯೂಟರಿಗೆ ಯುಪಿಎಸ್ ಹಾಕಿ.

ತೂಕ ನೂರಾರು ಕೆಜಿ. ಗಟ್ಟಿ ನೆಲ ಬೇಕು, ಮಹಡಿ ಮೇಲೆ ಬೇಡ. ಸುತ್ತಲೂ ಮನುಷ್ಯ ಓಡಾಡುವಷ್ಟು ಜಾಗ ಬಿಡಿ. ಗೋಡೆಗೆ ಒತ್ತಿ ಇಟ್ಟವರು ಆಮೇಲೆ ನನ್ನನ್ನೇ ಬೈಯುತ್ತಾರೆ. ಸಾಗಿಸುವ ಮುಂಚೆ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು, ಲೇಸರ್ ಭಾಗಕ್ಕೆ ಸಾಗಣೆಯ ಲಾಕ್ ಸ್ಕ್ರೂ ಇದ್ದರೆ ಹಾಕಬೇಕು. ಇಳಿಸಿದ ಮೇಲೆ ಮಟ್ಟ ನೋಡಿ ಕೂರಿಸದಿದ್ದರೆ ಪೇಪರ್ ಒಂದು ಪಕ್ಕಕ್ಕೆ ಜರುಗುತ್ತದೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕೆಮಿಕಲ್ ಅಪಾಯವಾ? ಹಳೆಯದನ್ನು ಮೋರಿಗೆ ಬಿಡಬಹುದಾ?

ಉತ್ತರ: ಮೋರಿಗೆ ಬಿಡಬೇಡಿ. ಪೇಪರಿನ ಬೆಳ್ಳಿಯೆಲ್ಲ ಬ್ಲೀಚ್-ಫಿಕ್ಸ್‌ಗೆ ಇಳಿದಿರುತ್ತದೆ, ಅದರಿಂದ ತೊಳೆಯುವ ಟ್ಯಾಂಕುಗಳಿಗೂ ಸ್ವಲ್ಪ ಹೋಗಿರುತ್ತದೆ. ಕರಗಿದ ಬೆಳ್ಳಿ ನೀರಿನ ಜೀವಿಗಳಿಗೆ ವಿಷ, ಸೆಪ್ಟಿಕ್ ಟ್ಯಾಂಕಿಗೂ ಒಳ್ಳೆಯದಲ್ಲ. ಕ್ಯಾನಿನಲ್ಲಿ ತುಂಬಿಸಿ, ಬೆಳ್ಳಿ ತೆಗೆಯುವವರಿಗೆ ಅಥವಾ ಅಪಾಯಕಾರಿ ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಯಂತ್ರ ಕೊಳ್ಳುವ ಮುಂಚೆಯೇ ಅಂಥವರು ಸಿಗುತ್ತಾರಾ ವಿಚಾರಿಸಿ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕದೆ ಡೆವಲಪರ್ ಮುಟ್ಟಬೇಡಿ. ಅದರಲ್ಲಿರುವ ಸಿಡಿ-3 ಅನ್ನುವ ಪದಾರ್ಥ ಚರ್ಮಕ್ಕೆ ಅಲರ್ಜಿ ತರುತ್ತದೆ. ಮೊದಲು ವರ್ಷಗಟ್ಟಲೆ ಏನೂ ಆಗದೆ ಇದ್ದು, ಒಂದು ದಿನ ಶುರುವಾದರೆ ಆಮೇಲೆ ಹನಿ ತಾಗಿದರೂ ಕೆರೆತ. ನನ್ನ ಬಲಗೈ ಎರಡು ಬೆರಳಿಗೆ ಈಗ ಹಾಗೇ. ಹೊರಗೆ ಗಾಳಿ ಎಳೆಯುವ ಫ್ಯಾನ್ ಇರಲಿ. ಮಕ್ಕಳ ವಿಷಯ ಒಂದೇ ಮಾತು: ಆ ಕೋಣೆಗೆ ಬೀಗ. ವಾಸದ ಕೋಣೆಗೆ ತೆರೆದುಕೊಳ್ಳುವ ಜಾಗದಲ್ಲಿ ಇಡಲೇಬೇಡಿ.

ಪ್ರಶ್ನೆ (ಇನ್ನೊಬ್ಬರು): ನನಗೆ ಪ್ರಿಂಟ್ ಬೇಡ, ಫಿಲ್ಮ್ ಡೆವಲಪ್ ಮಾಡಿ ಸ್ಕ್ಯಾನ್ ಮಾಡಬೇಕು. ವಾರಕ್ಕೆ ಹತ್ತು ರೋಲ್.

ಉತ್ತರ: ಫಿಲ್ಮ್ ಪ್ರೋಸೆಸರ್ ಬೇಡ, ಸ್ಕ್ಯಾನರ್ ಮಾತ್ರ ತಗೊಳ್ಳಿ. ಹತ್ತು ರೋಲಿಗೆ ಆ ಯಂತ್ರದ ಟ್ಯಾಂಕ್ ಕೆಡುವುದು ಗ್ಯಾರಂಟಿ. ಕಲರ್ ಫಿಲ್ಮಿನ ಪ್ರೋಸೆಸ್‌ಗೆ ಸಿ-41 ಅಂತಾರೆ, ಅದರ ಡೆವಲಪರ್‌ಗೆ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ಬಿಸಿನೀರಿನ ತೊಟ್ಟಿ ಮತ್ತು ಕೈಯಲ್ಲಿ ಅಲುಗಾಡಿಸುವ ಟ್ಯಾಂಕಿನಲ್ಲೇ ಚೆನ್ನಾಗಿ ಬರುತ್ತದೆ. ಮಿನಿಲ್ಯಾಬಿನ ಜೊತೆಗಿದ್ದ ಫಿಲ್ಮ್ ಸ್ಕ್ಯಾನರ್‌ಗಳು, ಅಂದರೆ ಫ್ಯೂಜಿ ಎಸ್‌ಪಿ-3000, ನೊರಿತ್ಸು ಎಚ್‌ಎಸ್-1800 ಥರದವು, ಇವತ್ತಿಗೂ ಜನ ಹುಡುಕಿಕೊಂಡು ಬರುವ ವಸ್ತು. ಒಣ ಯಂತ್ರ, ಕೆಮಿಕಲ್ ಗೋಳಿಲ್ಲ. ಕೊಳ್ಳುವಾಗ ಅದರ ಕಂಪ್ಯೂಟರ್ ಮತ್ತು ನಿಮ್ಮ ಫಿಲ್ಮ್ ಸೈಜಿನ ಕ್ಯಾರಿಯರ್ (ಫಿಲ್ಮ್ ಹಿಡಿಯುವ ಭಾಗ) ಜೊತೆಗೇ ಬರಬೇಕು ಅಂತ ಹಟ ಹಿಡಿಯಿರಿ.

ಪ್ರಶ್ನೆ: ಡ್ರೈ ಲ್ಯಾಬ್ ಅಂತಾರಲ್ಲ, ಅದು ಪರವಾಗಿಲ್ವಾ?

ಉತ್ತರ: ಕಡಿಮೆ ಕೆಲಸದ ಮನೆಗೆ ಅದೇ ಸರಿ. ಫ್ಯೂಜಿ ಡಿಎಕ್ಸ್100, ಎಪ್ಸನ್ ಶ್ಯೂರ್‌ಲ್ಯಾಬ್ ಡಿ700 ಇವೆಲ್ಲ ರೋಲ್ ಪೇಪರ್ ಹಾಕುವ ಆರು ಬಣ್ಣದ ಇಂಕ್‌ಜೆಟ್. ಇಬ್ಬರು ಎತ್ತಿ ಮೇಜಿನ ಮೇಲೆ ಇಡಬಹುದು, ಮಾಮೂಲಿ ಸಾಕೆಟ್ ಸಾಕು. ಹಳೆಯದು ಕೊಳ್ಳುವಾಗ ಇಂಕ್ ತೂತುಗಳು ಕಟ್ಟಿವೆಯಾ ಅಂತ ತೋರಿಸುವ ನಾಝಲ್ ಚೆಕ್ ಪ್ರಿಂಟ್ ತೆಗೆಸಿ, ಎಷ್ಟು ಪ್ರಿಂಟ್ ಆಗಿದೆ ಅಂತ ಕೌಂಟರ್ ನೋಡಿ. ನಿಜವಾದ ಫೋಟೋ ಪೇಪರಿನ ಮೈ ಬೇಕೇ ಬೇಕು ಅನ್ನುವವರಿಗೆ ಇದು ಹಿಡಿಸಲ್ಲ. ಅದು ರುಚಿಯ ವಿಷಯ, ನಾನು ವಾದ ಮಾಡಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಸರ್, ಇವತ್ತು ಹೋಗಿದ್ದೆ. ನೀವು ಹೇಳಿದ ಮೂರೂ ಪ್ರಿಂಟ್ ತೆಗೆಸಿದೆ. ಬಿಳಿ ಸ್ವಲ್ಪ ಹಳದಿ. ಕಪ್ಪು ಮಾತ್ರ ಕಡು ನೀಲಿ ಶಾಯಿ ಥರ ಇದೆ. ಸೆಟಪ್ ಎರಡು ಸಲ ಮಾಡಿಸಿದೆ, ಎರಡು ಸಲವೂ ಎರರ್ ಬಂತು. ಕೆಮಿಕಲ್ ಬದಲಾಯಿಸಿದರೆ ಸರಿಹೋಗುತ್ತೆ ಅಂತಿದ್ದಾರೆ.

ಉತ್ತರ: ಬಿಳಿ ಸರಿಹೋಗಬಹುದು. ಕಪ್ಪು ಅಷ್ಟು ನೀಲಿಯಾಗಿ, ಸೆಟಪ್ಪೂ ಒಪ್ಪುತ್ತಿಲ್ಲ ಅಂದರೆ ನೀಲಿ ಲೇಸರ್ ಅಂತಲೇ ನನ್ನ ಅನುಮಾನ. ಅವರ ಮಾತು ನಿಜವಾದರೆ ಅವರೇ ಕೆಮಿಕಲ್ ಬದಲಾಯಿಸಿ, ಇನ್ನೊಮ್ಮೆ ಕಪ್ಪು ಪ್ರಿಂಟ್ ತೆಗೆದು ತೋರಿಸಲಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ. ಅಂದಹಾಗೆ, ಆ ಯಂತ್ರದ ಪಕ್ಕದಲ್ಲಿ ಫಿಲ್ಮ್ ಸ್ಕ್ಯಾನರ್ ಏನಾದರೂ ಇತ್ತಾ?

ಪ್ರಶ್ನೆ: ಇದೆ ಸರ್, ಬೇರೆ ಮೇಜಿನ ಮೇಲೆ. ಧೂಳು ಹಿಡಿದಿದೆ. ಯಾಕೆ?

ಉತ್ತರ: ಅದರ ಬೆಲೆ ಕೇಳಿ. ಕ್ಯಾರಿಯರ್ ಎಷ್ಟಿವೆ ಎಣಿಸಿ. ಮತ್ತೆ ಆ ಫಿಲ್ಮ್ ರೋಲ್‌ನವರಿಗೆ ಹೇಳುವ ಮುಂಚೆ ನೀವೇ ಹೋಗಿಬನ್ನಿ.