ಪುಟ್ಟೀ, ಎಸ್‌ಡಿಎ ಅಂದರೆ ನಿನ್ನ ಲ್ಯಾಪ್‌ಟಾಪ್ ಅಲ್ಲ, ಪೆನ್‌ಡ್ರೈವ್

ಪುಟ್ಟೀ, ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಓದಿದೆ, ಫೋಟೊಗಳನ್ನೂ ನೋಡಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಕೇಳು. ಲ್ಯಾಪ್‌ಟಾಪಿಗೆ ವಿಂಡೋಸ್ ಜೊತೆಗೆ ಲಿನಕ್ಸ್ ಮಿಂಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಎಲ್ಲಾ ಮುಗಿಯುವ ಹೊತ್ತಿಗೆ ಎರರ್ ಬಂತು, ರೀಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸೀದಾ ವಿಂಡೋಸ್ ಬರುತ್ತಿದೆ, ಇದು ತಾನೇ ತೊಂದರೆ? ವಿಂಡೋಸ್ ಬರುತ್ತಿದೆ ಅಂದ ಮೇಲೆ ಅರ್ಧ ಚಿಂತೆ ಬಿಡು. ಲ್ಯಾಪ್‌ಟಾಪ್ ಹಾಳಾಗಿಲ್ಲ, ನಿನ್ನ ಫೈಲ್‌ಗಳು ಇದ್ದಲ್ಲೇ ಇವೆ.

ದೊಡ್ಡಪ್ಪ, ನೀವು ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕು ಅಂದಿರಲ್ಲ, ದಯವಿಟ್ಟು ಅದು ಬೇಡ. ಯಾಕೆ ನಿಂತಿತು ಅಂತ ತಿಳಿಯದೆ ಮತ್ತೆ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ, ಆಗ ವಿಂಡೋಸ್ ಕೂಡ ಇರುವುದಿಲ್ಲ.

ಈಗ ನಿನ್ನ ಎರಡನೇ ಫೋಟೊ ತೆಗಿ. ಎರರ್ ಡಬ್ಬಿಯಲ್ಲಿ ಏನು ಬರೆದಿದೆ? 'ಗ್ರಬ್ ಇನ್‌ಸ್ಟಾಲ್ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಎ ಫೇಲ್ಡ್, ದಿಸ್ ಈಸ್ ಎ ಫೇಟಲ್ ಎರರ್' ಅಂತ. ಫೇಟಲ್ ಅನ್ನೋದು ನೋಡಿ ಹೆದರಿಕೊಂಡಿದ್ದೀಯ, ಅದನ್ನು ಬಿಡು. ನೋಡಬೇಕಾದದ್ದು ಅದರ ಹಿಂದಿನ ಎಸ್‌ಡಿಎ. ಲಿನಕ್ಸ್ ಪ್ರತಿ ಡಿಸ್ಕಿಗೂ ಒಂದು ಹೆಸರು ಇಡುತ್ತದೆ, ಇದು ಅಂಥ ಒಂದು ಹೆಸರು. ಡಬ್ಬಿಯ ಹಿಂದೆ ಮಸುಕಾಗಿ ಡಿಸ್ಕ್‌ಗಳ ಪಟ್ಟಿ ಕಾಣುತ್ತದೆ ಅಲ್ವಾ, ಜೂಮ್ ಮಾಡು. ಎನ್‌ವಿಎಂಇ0ಎನ್1 ಅಂತ ಒಂದಿದೆ, 512 ಜಿಬಿ. ಎಸ್‌ಡಿಎ ಅಂತ ಇನ್ನೊಂದಿದೆ, 16 ಜಿಬಿಗಿಂತ ಚೂರು ಕಡಿಮೆ. ಈಗ ಹೇಳು, ನಿನ್ನ ಹತ್ತಿರ 16 ಜಿಬಿ ಇರುವುದು ಯಾವುದು? ಪೆನ್‌ಡ್ರೈವ್!

ಅಂದರೆ ಯಾವ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕುತ್ತಿದ್ದೆಯೋ, ಬೂಟ್ ಲೋಡರನ್ನೂ ಅದೇ ಪೆನ್‌ಡ್ರೈವ್‌ಗೆ ಬರೆಯಲು ಹೋಗಿದೆ. ಬೂಟ್ ಲೋಡರ್ ಅಂದರೆ ಪವರ್ ಬಟನ್ ಒತ್ತಿದ ಮೇಲೆ ಲಿನಕ್ಸ್ ಬೇಕಾ ವಿಂಡೋಸ್ ಬೇಕಾ ಅಂತ ಕೇಳಿ ಅದನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್, ಇಲ್ಲಿ ಅದರ ಹೆಸರು ಗ್ರಬ್. ಹಳೆ ಸಾಟಾ ಡಿಸ್ಕ್ ಇದ್ದ ಕಂಪ್ಯೂಟರ್‌ಗಳಲ್ಲಿ ಒಳಗಿನ ಡಿಸ್ಕೇ ಸಾಮಾನ್ಯವಾಗಿ ಎಸ್‌ಡಿಎ ಆಗುತ್ತಿತ್ತು, ಅದಕ್ಕೇ ಹಳೆ ವಿಡಿಯೊಗಳಲ್ಲೆಲ್ಲ ಕಣ್ಣು ಮುಚ್ಚಿ ಎಸ್‌ಡಿಎ ಅನ್ನುತ್ತಾರೆ. ನಿನ್ನದು ಎನ್‌ವಿಎಂಇ ಅನ್ನುವ ಹೊಸ ಬಗೆಯ ಡಿಸ್ಕ್, ಅದಕ್ಕೆ ಹೆಸರೇ ಬೇರೆ. ಹಾಗಾಗಿ ಎಸ್‌ಡಿಎ ಅನ್ನುವ ಹೆಸರು ಖಾಲಿ ಉಳಿದು ಪೆನ್‌ಡ್ರೈವ್ ಪಾಲಾಯಿತು.

ಆದರೆ ಬರೀ ಇದೊಂದೇ ಅಲ್ಲ. ಯಾವುದೋ ವಿಡಿಯೊ ನೋಡಿ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ಬರುವ ಸೆಟ್ಟಿಂಗ್‌ಗಳಲ್ಲಿ, ಲೆಗಸಿ ಸಪೋರ್ಟ್ ಆನ್ ಮಾಡಿದೆ, ನಂಬಿಕೆಯ ಸಹಿ ಇಲ್ಲದ್ದನ್ನು ಏಳಲು ಬಿಡದ ಸೆಕ್ಯೂರ್ ಬೂಟ್ ಆಫ್ ಮಾಡಿದೆ ಅಂತ ಬರೆದಿದ್ದೀಯಲ್ಲ, ನನ್ನ ಪ್ರಕಾರ ಎಡವಟ್ಟಿನ ಬೇರು ಅಲ್ಲಿದೆ. ಕಂಪ್ಯೂಟರ್ ಎದ್ದೇಳುವ ದಾರಿ ಎರಡು. ಹಳೆಯದು ಲೆಗಸಿ, ಹೊಸದು ಯುಇಎಫ್ಐ. ನಿನ್ನ ವಿಂಡೋಸ್ ಏಳುವುದು ಯುಇಎಫ್ಐ ದಾರಿಯಲ್ಲಿ. ಪೆನ್‌ಡ್ರೈವ್ ಎದ್ದದ್ದು ಲೆಗಸಿ ದಾರಿಯಲ್ಲಿ. ಪೆನ್‌ಡ್ರೈವ್ ಯಾವ ದಾರಿಯಲ್ಲಿ ಏಳುತ್ತದೋ ಲಿನಕ್ಸನ್ನೂ ಅದೇ ದಾರಿಗೆ ಹಾಕಲು ನೋಡುತ್ತದೆ. ಈಗ ಎಸ್‌ಡಿಎ ಬದಲು ಸರಿಯಾದ ಡಿಸ್ಕ್ ಆರಿಸಿದ್ದರೂ ಸರಿಹೋಗುತ್ತಿರಲಿಲ್ಲ, ಯಾಕೆಂದರೆ ನಿನ್ನ ಡಿಸ್ಕ್ ಜಿಪಿಟಿ, ಅಂದರೆ ತನ್ನ ಭಾಗಗಳ ಪಟ್ಟಿಯನ್ನು ಹೊಸ ಕ್ರಮದಲ್ಲಿ ಇಡುವಂಥದ್ದು, ಅದರ ಮೇಲೆ ಲೆಗಸಿ ಗ್ರಬ್ ಕೂರಬೇಕಾದರೆ ಅದಕ್ಕೆಂದೇ 1 ಎಂಬಿಯ ಚಿಕ್ಕ ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಭಾಗ, ಬೇರೆ ಬೇಕು. ಹೇಗೋ ಕೂತರೂ ಒಂದು ಲೆಗಸಿ, ಒಂದು ಯುಇಎಫ್ಐ, ಎರಡೂ ಒಂದೇ ಮೆನುವಿನಲ್ಲಿ ಬರುವುದಿಲ್ಲ, ಪ್ರತಿ ಸಲ ಬಯಾಸ್‌ಗೆ ಹೋಗಿ ಬದಲಾಯಿಸುತ್ತಾ ಇರಬೇಕು. ಅಂಥ ಸಂಸಾರ ಯಾರಿಗೆ ಬೇಕು ಹೇಳು.

ಇನ್ನು ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲು ವಿಂಡೋಸ್‌ಗೆ ಹೋಗಿ ನಿನ್ನ ಕಾಲೇಜಿನ ಫೈಲ್, ಫೋಟೊ ಎಲ್ಲಾ ಬೇರೆ ಕಡೆ ಕಾಪಿ ಮಾಡು. ಇದನ್ನು ಆಮೇಲೆ ಅಂತ ಮುಂದೂಡಬೇಡ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಆನ್ ಇದೆಯಾ ನೋಡು, ಅದು ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಇರುತ್ತದೆ, ಅದನ್ನು ನಿನ್ನ ಮೈಕ್ರೋಸಾಫ್ಟ್ ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಡು. ಬಯಾಸ್ ಸೆಟ್ಟಿಂಗ್ ಮುಟ್ಟಿದಾಗ ವಿಂಡೋಸ್ ದಿಢೀರ್ ಅಂತ ಅದನ್ನು ಕೇಳಬಹುದು. ಆಗ ಕೀ ಇಲ್ಲದಿದ್ದರೆ ನಿಜವಾದ ತಲೆನೋವು ಶುರುವಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಇದೆ, ಅದನ್ನೂ ಆಫ್ ಮಾಡು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಡಿಸ್ಕನ್ನು ಅರ್ಧ ಹಿಡಿದುಕೊಂಡೇ ಇರುತ್ತದೆ.

ಪೆನ್‌ಡ್ರೈವ್‌ಗೆ ಮಿಂಟನ್ನು ಮತ್ತೆ ಬರಿ, ಹಳೆಯದನ್ನು ನಂಬಬೇಡ, ಅದರ ಮೇಲೆ ಗ್ರಬ್ ಏನು ಗೀಚಿದೆಯೋ ಗೊತ್ತಿಲ್ಲ. ಐಎಸ್ಒ ಫೈಲನ್ನು, ಅಂದರೆ ಡೌನ್‌ಲೋಡ್ ಮಾಡಿದ ಮಿಂಟ್ ಫೈಲನ್ನು, ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಆಗುವುದಿಲ್ಲ, ಅದು ನಿನಗೆ ಗೊತ್ತು, ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಪ್ರೋಗ್ರಾಮ್ ಬಳಸಿದ್ದೀಯ. ಈ ಸಲ ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಅನ್ನುವ ಕಡೆ ಹಳೆ ಕ್ರಮವಾದ ಎಂಬಿಆರ್ ಬದಲು ಜಿಪಿಟಿ ಆರಿಸು, ಟಾರ್ಗೆಟ್ ಸಿಸ್ಟಮ್ ತಾನಾಗಿ ಯುಇಎಫ್ಐ ಆಗುತ್ತದೆ. ಬರೆಯುವ ಮುಂಚೆ ಡೌನ್‌ಲೋಡ್ ಸರಿ ಇದೆಯಾ ನೋಡಿಬಿಡು. ರೂಫಸ್‌ನಲ್ಲೇ ಐಎಸ್ಒ ಆರಿಸುವ ಬಟನ್ ಪಕ್ಕ ಒಂದು ಟಿಕ್ ಗುರುತಿನ ಸಣ್ಣ ಬಟನ್ ಇದೆ, ಒತ್ತಿದರೆ ಎಸ್ಎಚ್ಎ256 ಅಂತ ಫೈಲಿನ ಬೆರಳಚ್ಚಿನಂಥ 64 ಅಕ್ಷರದ ಸಾಲು ಕೊಡುತ್ತದೆ. ಮಿಂಟ್‌ನವರ ಪುಟದಲ್ಲಿ ಇರುವ ಸಾಲಿಗೆ ಅದು ಪೂರ್ತಿ ಹೊಂದಬೇಕು. ಒಂದು ಅಕ್ಷರ ಬೇರೆ ಇದ್ದರೂ ಮತ್ತೆ ಡೌನ್‌ಲೋಡ್ ಮಾಡು.

ಈಗ ಬಯಾಸ್‌ಗೆ ಹೋಗಿ ಲೆಗಸಿ ಆಫ್ ಮಾಡು. ಸೆಕ್ಯೂರ್ ಬೂಟ್ ಸದ್ಯಕ್ಕೆ ಹೇಗಿದೆಯೋ ಹಾಗೇ ಇರಲಿ, ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಪೆನ್‌ಡ್ರೈವ್‌ನಿಂದ ಮಿಂಟ್ ತೆರೆದ ಮೇಲೆ ಇನ್‌ಸ್ಟಾಲ್ ಐಕಾನ್ ಮುಟ್ಟಬೇಡ. ಮೊದಲು ಫೈಲ್ ಮ್ಯಾನೇಜರ್ ತೆಗೆದು, ಫೈಲ್ ಸಿಸ್ಟಮ್ ಒಳಗೆ ಸಿಸ್ ಅನ್ನುವ ಫೋಲ್ಡರ್, ಎಸ್ ವೈ ಎಸ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್ಐ ಅಂತ ಫೋಲ್ಡರ್ ಇದೆಯಾ ನೋಡು. ಇದ್ದರೆ ಸರಿಯಾದ ದಾರಿಯಲ್ಲಿ ಎದ್ದಿದ್ದೀಯ. ಇಲ್ಲದಿದ್ದರೆ ಇನ್ನೂ ಲೆಗಸಿಯಲ್ಲೇ ಇದ್ದೀಯ, ಅಲ್ಲೇ ನಿಲ್ಲಿಸು.

ಇನ್‌ಸ್ಟಾಲ್ ಮಾಡುವಾಗ ಇರೇಸ್ ಡಿಸ್ಕ್ ಅನ್ನುವುದರ ಹತ್ತಿರವೂ ಹೋಗಬೇಡ. 'ಸಂಥಿಂಗ್ ಎಲ್ಸ್' ಆರಿಸು. ಹೋದ ಸಲ ಲಿನಕ್ಸಿಗೆ ಅಂತ ಮಾಡಿದ ಎಕ್ಸ್‌ಟಿ4 ಪಾರ್ಟಿಷನ್ ಅಲ್ಲೇ ಇರುತ್ತದೆ, ಅದನ್ನೇ ಮತ್ತೆ ಬಳಸು. ಮೌಂಟ್ ಪಾಯಿಂಟ್ ಅನ್ನುವಲ್ಲಿ ಒಂದು ಸ್ಲ್ಯಾಶ್ (/), ಫಾರ್ಮ್ಯಾಟ್ ಟಿಕ್ ಅದಕ್ಕೆ ಮಾತ್ರ. ಇಎಫ್ಐ ಅಂತ ತೋರಿಸುವ ಸಣ್ಣ ಪಾರ್ಟಿಷನ್ ಇದೆಯಲ್ಲ, ನೂರು ಎಂಬಿ ಆಸುಪಾಸಿನದು, ಅದಕ್ಕೆ ಫಾರ್ಮ್ಯಾಟ್ ಟಿಕ್ ಬಿದ್ದರೆ ವಿಂಡೋಸ್ ಏಳುವುದಿಲ್ಲ, ಅಲ್ಲಿ ಕಣ್ಣಿಟ್ಟಿರು. ಕೆಳಗಡೆ ಬೂಟ್ ಲೋಡರ್ ಎಲ್ಲಿಗೆ ಅಂತ ಕೇಳುವ ಸಾಲಿನಲ್ಲಿ ಎನ್‌ವಿಎಂಇ0ಎನ್1 ಆರಿಸು. ಇನ್‌ಸ್ಟಾಲ್ ನೌ ಒತ್ತುವ ಮುಂಚೆ ಆ ಪರದೆಯ ಫೋಟೊ ನನಗೆ ಕಳಿಸು, ನಾನು ನೋಡಿ ಹ್ಞೂಂ ಅಂದ ಮೇಲೆ ಒತ್ತು.

ಎಲ್ಲಾ ಸರಿಯಾಗಿ ಮುಗಿದರೂ ಮತ್ತೆ ಸೀದಾ ವಿಂಡೋಸ್ ಬಂದರೆ ಗಾಬರಿ ಬೇಡ, ಬಯಾಸ್‌ನ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಮೇಲೆ ಕೂತಿರುತ್ತದೆ ಅಷ್ಟೇ. ಅಲ್ಲಿ ಮಿಂಟ್ ಅಂತ ಹುಡುಕಬೇಡ, ಉಬುಂಟು ಅಂತ ಇರುತ್ತದೆ, ಮಿಂಟ್ ಅದರ ಮೇಲೇ ಕಟ್ಟಿದ್ದು. ಅದನ್ನು ಮೊದಲಿಗೆ ತಾ. ಮೆನು ಬಂದು ಮಿಂಟ್ ಆರಿಸಿದ ಮೇಲೆ ಪರದೆ ಕಪ್ಪಾಗಿ ನಿಂತರೆ ಅದು ಗ್ರಾಫಿಕ್ಸ್ ಡ್ರೈವರ್ ಕಾಟ. ಮೆನುವಿನಲ್ಲಿ ಮಿಂಟ್ ಮೇಲೆ ಇದ್ದಾಗ 'ಇ' ಒತ್ತು, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಅಂತ ಸೇರಿಸು, ಇಂಗ್ಲಿಷಿನಲ್ಲಿ, ಎಲ್ಲಾ ಸಣ್ಣಕ್ಷರ, ಒಂದೇ ಪದ, ಆಮೇಲೆ ಎಫ್10. ಅದು ಆ ಒಂದು ಸಲಕ್ಕೆ ಮಾತ್ರ, ಒಳಗೆ ಹೋಗಿ ಡ್ರೈವರ್ ಮ್ಯಾನೇಜರ್‌ನಿಂದ ಸರಿಯಾದ ಡ್ರೈವರ್ ಹಾಕಿಕೋ.

ವಿಂಡೋಸ್‌ಗೆ ವಾಪಸ್ ಬಂದಾಗ ಗಡಿಯಾರ ಗಂಟೆಗಟ್ಟಲೆ ಹಿಂದೆ ಮುಂದೆ ತೋರಿಸಿದರೆ ಅದಕ್ಕೂ ಇಲ್ಲಿ ಫೋಟೊ ಹಾಕಬೇಡ ಮಾರಾಯ್ತಿ, ಎರಡೂ ಸಿಸ್ಟಮ್ ಸಮಯವನ್ನು ಬೇರೆ ಬೇರೆ ಲೆಕ್ಕದಲ್ಲಿ ಇಡುತ್ತವೆ. ಆ ದಿನ ಫೋನ್ ಮಾಡು, ಲಿನಕ್ಸ್ ಕಡೆ ಒಂದು ಸಾಲಿನ ಕಮಾಂಡ್ ಹೊಡೆಸುತ್ತೇನೆ.