1820ರಲ್ಲಿ ಮನ್ರೋ ಕೈತಪ್ಪಿದ ಆ ಒಂದು ವೋಟು: ವಿಲಿಯಂ ಪ್ಲೂಮರ್ ಬಗ್ಗೆ ಗೊತ್ತಿದ್ದವರು ಹೇಳಿ

ಹಳೇಪುಟ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಒಂದು ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂತು. 1820ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಜೇಮ್ಸ್ ಮನ್ರೋಗೆ 231 ಎಲೆಕ್ಟರ್‌ಗಳ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯದಿಂದ ಬರುವ ಪ್ರತಿನಿಧಿಗಳು) ವೋಟು ಬಿತ್ತು, ಒಂದೇ ಒಂದು ವೋಟು ಜಾನ್ ಕ್ವಿನ್ಸಿ ಆಡಮ್ಸ್‌ಗೆ ಹೋಯಿತು. ಅದನ್ನು ಹಾಕಿದವರು ನ್ಯೂ ಹ್ಯಾಂಪ್‌ಶೈರ್‌ನ ವಿಲಿಯಂ ಪ್ಲೂಮರ್. ಯಾಕೆ ಹಾಗೆ ಮಾಡಿದರು ಅಂತ ಕೇಳಿದರು. "ಎಲ್ಲರ ವೋಟೂ ಪಡೆದ ಗೌರವ ಮೊದಲ ಅಧ್ಯಕ್ಷ ವಾಷಿಂಗ್ಟನ್ ಒಬ್ಬರಿಗೇ ಉಳಿಯಲಿ ಅಂತ" ಎಂದೆ, ಅಂಕ ಸಿಕ್ಕಿತು. ಆದರೆ ಮನೆಗೆ ಬಂದ ಮೇಲೆ ಸಮಾಧಾನ ಆಗಲಿಲ್ಲ. ಈ ಕಥೆ ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ ಅನ್ನಿಸ್ತು. ವಕೀಲ, ಸೆನೆಟರ್, ಗವರ್ನರ್, ಇತಿಹಾಸಕಾರ ಅನ್ನೋ ನಾಲ್ಕು ಪದ ಬಿಟ್ಟರೆ ಈ ಮನುಷ್ಯನ ಬಗ್ಗೆ ನನಗೇನೂ ಗೊತ್ತಿಲ್ಲ. ಯಾರಾದರೂ ಓದಿದ್ದೀರಾ?

ಕಡತದಕೋಣೆ:
ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒಂದು ವಿಷಯ ಯೋಚನೆ ಮಾಡಿ. ಎಲೆಕ್ಟರ್‌ಗಳು ಒಂದೇ ಕಡೆ ಸೇರಿ ವೋಟು ಹಾಕೋದಿಲ್ಲ, ಅವರವರ ರಾಜ್ಯದಲ್ಲಿ ಒಂದೇ ದಿನ ಹಾಕುತ್ತಾರೆ. ನ್ಯೂ ಹ್ಯಾಂಪ್‌ಶೈರ್ ರಾಜಧಾನಿ ಕಾನ್ಕಾರ್ಡ್‌ನಲ್ಲಿ ಕೂತ ಪ್ಲೂಮರ್‌ಗೆ ಉಳಿದ ರಾಜ್ಯಗಳಲ್ಲಿ ಪ್ರತಿಯೊಬ್ಬರೂ ಮನ್ರೋಗೇ ಹಾಕುತ್ತಾರೆ ಅಂತ ಖಚಿತವಾಗಿ ಗೊತ್ತಿರಲು ಹೇಗೆ ಸಾಧ್ಯ? ಅದೂ ಅಲ್ಲದೆ ಅವರು ತಮ್ಮ ಕಾರಣವನ್ನು ಮುಚ್ಚಿಡಲೇ ಇಲ್ಲ. ಮನ್ರೋ ಆಡಳಿತ ಚೆನ್ನಾಗಿಲ್ಲ, ಸರ್ಕಾರದ ದುಡ್ಡನ್ನು ಕೈ ಬಿಚ್ಚಿ ಖರ್ಚು ಮಾಡುತ್ತಿದ್ದಾರೆ ಅನ್ನೋದು ಅವರ ದೂರು. ಉಪಾಧ್ಯಕ್ಷ ಸ್ಥಾನಕ್ಕೂ ಆಗ ಅದೇ ಹುದ್ದೆಯಲ್ಲಿದ್ದ ಟಾಂಪ್ಕಿನ್ಸ್‌ಗೆ ವೋಟು ಹಾಕಲಿಲ್ಲ. ಸೆನೆಟ್ ನಡೆಸಬೇಕಾದ ಮನುಷ್ಯ ಆ ಕೆಲಸವನ್ನೇ ಮಾಡುತ್ತಿಲ್ಲ ಅಂತ ಹೇಳಿ ಆಗ ಬ್ರಿಟನ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಿಚರ್ಡ್ ರಷ್‌ಗೆ ಹಾಕಿದರು. ವಾಷಿಂಗ್ಟನ್ ಗೌರವ ಕಾಪಾಡೋದಷ್ಟೇ ಉದ್ದೇಶ ಆಗಿದ್ದರೆ ಈ ಎರಡನೇ ವೋಟು ಯಾಕೆ ಬೇಕಿತ್ತು? ಇನ್ನು ಆಡಮ್ಸ್ ಆಗ ಮನ್ರೋ ಸರ್ಕಾರದಲ್ಲೇ ವಿದೇಶಾಂಗ ನೋಡಿಕೊಳ್ಳುತ್ತಿದ್ದ ಮಂತ್ರಿ. ಕೇಳದೇ ಬಂದ ಈ ವೋಟಿನಿಂದ ಅವರಿಗೆ ಮುಜುಗರವೇ ಆಯಿತು.

ನ್ಯಾಶುವಾದಿಂದ:
ನಾನಿರೋದು ನ್ಯೂ ಹ್ಯಾಂಪ್‌ಶೈರ್‌ನಲ್ಲೇ. ಇಲ್ಲಿ ಕೂಡ ಜನ ಆ ವೋಟನ್ನು ಬಿಟ್ಟು ಇವರ ಬಗ್ಗೆ ಬೇರೆ ಏನೂ ಹೇಳೋದಿಲ್ಲ, ಅದು ನನಗೆ ಬೇಜಾರು. ಹುಟ್ಟಿದ್ದು 1759ರಲ್ಲಿ, ಮ್ಯಾಸಚೂಸೆಟ್ಸ್‌ನ ನ್ಯೂಬರಿಪೋರ್ಟ್‌ನಲ್ಲಿ. ಹುಡುಗನಿದ್ದಾಗಲೇ ಮನೆಯವರ ಜೊತೆ ಇಲ್ಲಿನ ಎಪ್ಪಿಂಗ್ ಅನ್ನೋ ಊರಿಗೆ ಬಂದರು, 1850ರಲ್ಲಿ 91ನೇ ವಯಸ್ಸಿಗೆ ಸತ್ತದ್ದೂ ಅಲ್ಲೇ. ಇಪ್ಪತ್ತರ ಹೊತ್ತಿಗೆ ಊರೂರು ತಿರುಗಿ ಬ್ಯಾಪ್ಟಿಸ್ಟ್ ಧರ್ಮಪ್ರಚಾರ ಮಾಡಿದವರು, ಆ ನಂಬಿಕೆ ಕಳಚಿದ ಮೇಲೆ ಕಾನೂನು ಓದಿ 1787ರಲ್ಲಿ ವಕೀಲರಾದರು. ಬೇರೆ ಪಂಥದವರಿಂದ ಊರಿನ ಪಾದ್ರಿಗೆ ತೆರಿಗೆ ಎತ್ತೋದನ್ನು ಅವರು ಜೀವನಪೂರ್ತಿ ವಿರೋಧಿಸಿದರು.

ನನಗೆ ತುಂಬಾ ಇಷ್ಟ ಅವರು ಬರೆದಿಟ್ಟ ಚಿಕ್ಕ ಚಿಕ್ಕ ಚಿತ್ರಗಳು. 1802ರಲ್ಲಿ ಹೊಸ ಸೆನೆಟರ್ ಆಗಿ ಅಧ್ಯಕ್ಷ ಜೆಫರ್ಸನ್‌ರನ್ನು ನೋಡಲು ಹೋಗುತ್ತಾರೆ. ಒಬ್ಬ ಉದ್ದನೆಯ ಮನುಷ್ಯ ಒಳಗೆ ಬರುತ್ತಾನೆ. ಹಳೇ ಕಂದು ಕೋಟು, ಕೆಂಪು ವೇಸ್ಟ್‌ಕೋಟು, ಕೊಳೆಯಾದ ಕಾರ್ಡುರಾಯ್ ಷರಾಯಿ, ಉಣ್ಣೆ ಕಾಲುಚೀಲ, ಹಿಮ್ಮಡಿ ಇಲ್ಲದ ಚಪ್ಪಲಿ. ಮನೆ ಆಳು ಇರಬೇಕು ಅಂದುಕೊಂಡರಂತೆ! ಜೊತೆಗಿದ್ದವರು ಇವರೇ ಅಧ್ಯಕ್ಷರು ಅಂದಾಗಲೇ ಗೊತ್ತಾಗಿದ್ದು. ಸೆನೆಟ್ ಆಗ ಇಂದಿನ ಹಾಗೆ ಮಾತು ಮಾತನ್ನೂ ದಾಖಲು ಮಾಡುತ್ತಿರಲಿಲ್ಲ. ಅದಕ್ಕೇ 1803ರಿಂದ 1807ರವರೆಗೆ ಇವರು ಬರೆದಿಟ್ಟ ಟಿಪ್ಪಣಿಗಳಿಗೆ ಅಷ್ಟು ಬೆಲೆ. ಅವು ಅಚ್ಚಾಗಿದ್ದು 1923ರಲ್ಲಿ. ಬೇರೆಯವರು ಬೇಡ ಅಂತ ಬಿಟ್ಟ ಸರ್ಕಾರಿ ಕಾಗದಗಳನ್ನೂ ಕೂಡಿಸಿಟ್ಟರು. ಅಮೆರಿಕದ ದೊಡ್ಡ ಇತಿಹಾಸ ಬರೀಬೇಕು ಅಂತ ಹೊರಟು ಅದನ್ನು ಮುಗಿಸಲಿಲ್ಲ, ಬದಲಿಗೆ ನೂರಾರು ಜನರ ಚಿಕ್ಕ ಜೀವನಚರಿತ್ರೆ ಬರೆದರು. 1823ರಲ್ಲಿ ನ್ಯೂ ಹ್ಯಾಂಪ್‌ಶೈರ್ ಇತಿಹಾಸ ಸಂಘ ಶುರುವಾದಾಗ ಮೊದಲ ಅಧ್ಯಕ್ಷರು ಇವರೇ.

ಎರಡನೇಬೆಂಚು:
ಇವರ ತಪ್ಪುಗಳನ್ನೂ ಹೇಳಬೇಕು ಅಲ್ವಾ? ಫ್ರಾನ್ಸ್‌ನಿಂದ ದೊಡ್ಡ ಭೂಭಾಗ ಕೊಂಡ 1803ರ ಲೂಸಿಯಾನಾ ಖರೀದಿ ಒಪ್ಪಂದಕ್ಕೆ ಸೆನೆಟ್ 24–7ರಲ್ಲಿ ಒಪ್ಪಿಗೆ ಕೊಟ್ಟಾಗ ಬೇಡ ಅಂದ ಏಳು ಜನರಲ್ಲಿ ಇವರೂ ಒಬ್ಬರು. ಆಮೇಲೆ ನ್ಯೂ ಇಂಗ್ಲೆಂಡ್ (ಅಮೆರಿಕದ ಈಶಾನ್ಯ ಮೂಲೆ) ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಬೇಕು ಅನ್ನೋ ಗುಂಪಿನ ಜೊತೆ ಸೇರಿದ್ದರು. ಗವರ್ನರ್ ಆಗಿದ್ದಾಗ 1816ರಲ್ಲಿ ಖಾಸಗಿ ಡಾರ್ಟ್‌ಮತ್ ಕಾಲೇಜನ್ನು ಸರ್ಕಾರದ ಕೈಗೆ ತರಲು ಹೋದರು, 1819ರಲ್ಲಿ ಸುಪ್ರೀಂ ಕೋರ್ಟ್ ಅದು ಆಗಲ್ಲ ಅಂದಿತು.

ಕಡತದಕೋಣೆ:
ಎಲ್ಲಾ ನಿಜ. ಆದರೆ ಒಕ್ಕೂಟ ಒಡೆಯುವ ಆ ಮಾತಿನ ವಿಷಯ 1828ರಲ್ಲಿ ಮತ್ತೆ ಎದ್ದಾಗ, ಹಳೇ ಜೊತೆಗಾರರ ಕಡೆಯವರು ಅಂಥದ್ದೇನೂ ನಡೆದೇ ಇಲ್ಲ ಅಂದರು. ಹೌದು, ನಡೆದಿತ್ತು, ನಾನೂ ಅದರಲ್ಲಿದ್ದೆ ಅಂತ ಆಡಮ್ಸ್‌ಗೆ ಕಾಗದ ಬರೆದು ಒಪ್ಪಿಕೊಂಡವರು ಪ್ಲೂಮರ್. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಸುಮ್ನೆ ಇದ್ದಿದ್ದರೆ ಅವರಿಗೇನೂ ನಷ್ಟ ಇರಲಿಲ್ಲ. ನನಗೆ ಆ 1820ರ ವೋಟಿಗಿಂತ ಈ ಕಾಗದವೇ ದೊಡ್ಡದು. ಇತಿಹಾಸ ಬರೆಯುವವನು ತನ್ನ ಹೆಸರಿಗೆ ಮಸಿ ಹತ್ತುವ ಸಂಗತಿಯನ್ನೂ ಬರೆದಿಟ್ಟ ಅನ್ನೋದು ಸಣ್ಣ ಮಾತಲ್ಲ.

ಹಳೇಪುಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲೆಕ್ಟರ್‌ಗಳು ಬೇರೆ ಬೇರೆ ಊರಲ್ಲಿ ಒಂದೇ ದಿನ ವೋಟು ಹಾಕುತ್ತಾರೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಕ್ವಿಜ್ ನಡೆಸಿದವರಿಗೆ ಇವತ್ತೇ ಬರೆದು, ನನ್ನ ಉತ್ತರ ತಪ್ಪು, ಅಂಕ ಕಳೆಯಿರಿ ಅಂತ ಹೇಳುತ್ತೇನೆ. ಆ 1923ರ ಪುಸ್ತಕ ಹುಡುಕುತ್ತಿದ್ದೇನೆ, ಸಿಕ್ಕರೆ ಓದಿ ಇಲ್ಲೇ ಬರೆಯುತ್ತೇನೆ.